ಶುಕ್ರವಾರದ ಸಗಣಿ

ಯಾದಗಿರಿಯಲ್ಲಿ ಜಿಲ್ಲಾ ಕಚೇರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಎನ್ನುವುದು ಬೋರ್ಡಿನ ಮೇಲಿನ ಮಾತು, ನನ್ನ ಹೊಟ್ಟೆ ತುಂಬಿಸುವುದು ಅರ್ಜಿಗಳು. ಸೋಲಾರ್ ಪಂಪಿನದು, ಹನಿ ನೀರಾವರಿಯದು, ಬೀದಿ ದೀಪದ್ದು, ಸರ್ಕಾರ ಏನೇನು ಕೊಡುತ್ತೇನೆ ಎನ್ನುತ್ತದೋ ಅದನ್ನೆಲ್ಲ ಕೇಳುವ ಕಾಗದ ನನ್ನ ಕಂಪ್ಯೂಟರಿನಲ್ಲೇ ಹುಟ್ಟುತ್ತದೆ. ಹದಿನಾರು ವರ್ಷದಿಂದ ಇದೇ ಕೆಲಸ. ಸರ್ಕಾರ ಏನೂ ಕೊಡುವುದಿಲ್ಲ ಎಂದು ಬೈಯುವವರು ಬೈಯಲಿ, ನಾನು ಕಂಡಂತೆ ಅದು ಕೊಡುತ್ತದೆ. ಆದರೆ ಅದು ಕೇಳಿದ ಖಾನೆಯಲ್ಲಿ ಅದು ಕೇಳಿದ್ದನ್ನೇ ತುಂಬಬೇಕು. ಅರ್ಧ ಮಂದಿ ಅಲ್ಲೇ ಬೀಳುತ್ತಾರೆ. ಆಧಾರ್ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡು ಬರುತ್ತಾರೆ, ನನಗೆ ಮೈ ಉರಿಯುತ್ತದೆ. "ನಮ್ಮ ಮಹೇಶಕುಮಾರನ ಮೂಗಿನ ಮ್ಯಾಲೇ ಸಿಟ್ಟು ಕುಂತಿರ್ತದ" ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಖರೆ ಮಾತು.

ಈ ಹದಿನಾರು ವರ್ಷದಲ್ಲಿ ನಾನು ಒಂದೂ ಬೈಗುಳ ಬೈಯದೆ ಕಳಿಸಿದ ಗಿರಾಕಿ ಶೇಖಮ್ಮ ಒಬ್ಬಳೇ. ಬೈಯಲೇಬೇಕಾದಂಥ ತಪ್ಪು ಆಗಿದ್ದೂ ಅವಳ ಅರ್ಜಿಯಲ್ಲೇ. ಆ ತಪ್ಪಿನಲ್ಲಿ ಅರ್ಧ ಪಾಲು ನನ್ನದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶೇಖಮ್ಮ ನಮ್ಮೂರವಳೇ. ಮುದನಾಳ ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮೂರು, ನಾನು ದಿನಾ ಗಾಡಿಯ ಮೇಲೆ ಯಾದಗಿರಿಗೆ ಹೋಗಿ ಬರುತ್ತೇನೆ. ಗುಡಿಯ ಮಗ್ಗುಲಿಗೆ ನಮ್ಮ ಓಣಿ, ಹಳ್ಳದ ದಂಡೆಗೆ ಅವರ ಕೇರಿ. ಕೇರಿಯಲ್ಲಿ ಇಪ್ಪತ್ತೆರಡು ಮನೆ, ಎಲ್ಲರೂ ಮಂದಿಯ ಹೊಲದಲ್ಲಿ ಕೂಲಿ ಮಾಡುವವರು. ದನ ಕಟ್ಟಿದವರು ಇಲ್ಲ. ಒಲೆಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಸಗಣಿಯ ಕುಳ್ಳು. ಸರ್ಕಾರದ ಸಿಲಿಂಡರು ಎಲ್ಲರ ಮನೆಗೂ ಬಂದಿದೆ. ಮೊದಲ ಸಲ ಖಾಲಿಯಾದ ಮೇಲೆ ಅದರ ತಲೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿ ಕೂತಿದೆ.

ಶೇಖಮ್ಮನ ಅವ್ವ ದುರಗಮ್ಮ ನಮ್ಮ ಹೊಲದಲ್ಲಿ ಮೂವತ್ತು ವರ್ಷ ಕಳೆ ತೆಗೆದವಳು. ಮಗಳಿಗೆ ಆರು ವರ್ಷ ತುಂಬುವುದರೊಳಗೆ ತಲೆಯ ಮೇಲೆ ಸಗಣಿ ಬುಟ್ಟಿ ಬಂತು. ಮೇಯಲು ಹೋಗುವ ದನಗಳ ಹಿಂದೆ ನಡೆಯುವುದು, ಹಾದಿಯಲ್ಲಿ ಬಿದ್ದದ್ದನ್ನು ಬಳಿದು ತರುವುದು, ಗೋಡೆಗೆ ಕುಳ್ಳು ತಟ್ಟುವುದು. ನಮ್ಮೂರಲ್ಲಿ ಅಂಗಳದಲ್ಲಿ ಬಿದ್ದ ಸಗಣಿ ಮನೆಯವರದು, ಹಾದಿಯಲ್ಲಿ ಬಿದ್ದದ್ದು ಎತ್ತಿಕೊಂಡವರದು. ನಮ್ಮ ಕಡೆ ಸಗಣಿಗೆ ಹೆಂಡಿ ಎನ್ನುತ್ತಾರೆ. ಶಾಲೆಯಲ್ಲಿ ಅವಳಿಗೆ "ಹೆಂಡಿ ಶೇಖಿ" ಎಂದೇ ಹೆಸರು ಬಿತ್ತು. ನಾನೂ ಹಾಗೆ ಕರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ನನಗಿಂತ ಎರಡು ವರ್ಷ ಮುಂದಿದ್ದಳು, ನಾಲ್ಕನೇತ್ತೆಗೆ ಶಾಲೆ ಬಿಟ್ಟಳು.

ಹದಿನೇಳಕ್ಕೆ ರಂಗಂಪೇಟೆಗೆ ಕೊಟ್ಟರು. ಗಂಡ ಸುರಪುರದಲ್ಲಿ ಹಮಾಲಿ ಮಾಡುತ್ತಿದ್ದ, ಒಳ್ಳೆಯ ಮನುಷ್ಯನಂತೆ. ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟ. ಎದೆ ಹಾಲು ಕುಡಿಯುವ ಮಗಳು ಪರಿಮಳಾಳನ್ನು ಕಟ್ಟಿಕೊಂಡು ತವರಿಗೆ ಬಂದ ದಿನ ಶೇಖಮ್ಮ ತನ್ನ ಅವ್ವನಿಗೆ ಒಂದೇ ಮಾತು ಹೇಳಿದ್ದಳು. "ಯವ್ವಾ, ಏನ ಕೆಲಸ ಹಚ್ಚಿದ್ರೂ ಮಾಡ್ತೀನಿ. ಹೆಂಡಿ ಬುಟ್ಟಿ ಮಾತ್ರ ಹೊರಂಗಿಲ್ಲ." ಇಪ್ಪತ್ತೆರಡು ವರ್ಷ ಆ ಮಾತು ನಡೆಸಿದಳು. ಕೂಲಿ ಮಾಡಿದಳು, ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿದಳು, ಕೇರಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಸ್ವಸಹಾಯ ಸಂಘ ಕಟ್ಟಿ ಅದರ ಅಧ್ಯಕ್ಷೆ ಆದಳು. ಶೇಖಿ ಹೋಗಿ ಶೇಖಮ್ಮ ಆದಳು. ಮಗಳು ಶಹಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಾಳೆ. ಓದಿದ್ದು ನಾಲ್ಕನೇತ್ತೆಯಾದರೂ ಗೋಡೆಗೆ ಅಂಟಿಸಿದ ಕಾಗದ ಕಂಡರೆ ಶೇಖಮ್ಮ ನಿಂತು ಓದದೆ ಮುಂದೆ ಹೋಗುವವಳಲ್ಲ.

ಹಾಗೆ ಓದಿದ್ದೇ ಇದಕ್ಕೆಲ್ಲ ಮೂಲ. ಪಂಚಾಯ್ತಿ ಗೋಡೆಯ ಮೇಲೆ ಒಂದು ಸುತ್ತೋಲೆ ಅಂಟಿಸಿದ್ದರು. ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಿಕೊಳ್ಳಲು ಸರ್ಕಾರದ ಸಹಾಯಧನ, ಸಂಘಗಳಿಂದ ಅರ್ಜಿ ಆಹ್ವಾನ. ಅದು ಎರಡು ತಿಂಗಳಿನಿಂದ ಅಲ್ಲೇ ಇತ್ತು, ಊರಿನ ಯಾವ ಗಂಡಸೂ ಓದಿರಲಿಲ್ಲ. ಕೊನೆಯ ದಿನಕ್ಕೆ ಎಂಟು ದಿನ ಇದ್ದಾಗ ಶೇಖಮ್ಮ ನನ್ನ ಅಂಗಡಿಗೆ ಬಂದಳು.

"ಮಹೇಶಣ್ಣಾರ, ಇದರಾಗ ಸಮುದಾಯ ಅಂತ ಬರದಾರ. ಅಂದ್ರ ನಮ್ಮ ಕೇರಿನೂ ಬರ್ತದಲ್ರಿ?"

"ಬರ್ತದ. ಯಾಕ ಬರಂಗಿಲ್ಲ?"

"ಹಾಂಗಂದ್ರ ಬರೀರಿ. ನಮ್ಮವ್ವನ ಸಲುವಾಗಿ ಬರೀರಿ."

ದುರಗಮ್ಮನ ಸುದ್ದಿ ನನಗೆ ಗೊತ್ತಿತ್ತು. ಅರವತ್ತು ವರ್ಷ ಒಲೆಯ ಹೊಗೆ ಕುಡಿದ ಎದೆ. ಕಳೆದ ಮಳೆಗಾಲದಲ್ಲಿ, ಹಸಿ ಕಟ್ಟಿಗೆ ಊದಿ ಊದಿ, ಉಸಿರು ಸಿಕ್ಕಿಬಿದ್ದು ಯಾದಗಿರಿಯ ದವಾಖಾನೆಯಲ್ಲಿ ಎಂಟು ದಿನ ಮಲಗಿದ್ದಳು. ಕಣ್ಣೂ ಮಂಜಾಗಿವೆ. ಇನ್ನೊಂದು ಮಳೆಗಾಲ ಇದೇ ಹೊಗೆಯಲ್ಲಿ ಕೂತರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೂಡಬೇಡ ಎಂದರೆ ಮುದುಕಿ ಕೇಳಬೇಕಲ್ಲ! ಮಗಳು ಕೆಲಸಕ್ಕೆ ಹೋದ ಕೂಡಲೇ ರೊಟ್ಟಿ ಬಡಿಯಲು ಕೂತುಬಿಡುತ್ತಾಳೆ. ಅವಳು ದವಾಖಾನೆಯಿಂದ ಬಂದಾಗ ನಮ್ಮವ್ವ ಗುರುದೇವಿ ನನ್ನ ಕೈಯಲ್ಲಿ ಒಂದು ತಂಬಿಗೆ ಹಾಲು ಕಳಿಸಿದ್ದಳು, ತಾನು ಹೋಗಿರಲಿಲ್ಲ. "ಆ ಮನಿಯಾಗ ಹೊಗಿ ಭಾಳ, ನಂಗ ದಮ್ಮು ಹತ್ತತದ" ಎಂದಿದ್ದಳು. ಆ ಮನೆಗೆ ಹೋಗದಿರಲು ಅವಳಿಗೆ ಜನ್ಮವಿಡೀ ಅದೇ ನೆಪ.

ಶೇಖಮ್ಮ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದಳು. ಪಂಚಾಯ್ತಿಯ ಠರಾವು, ಸಂಘದ ನೋಂದಣಿ, ಹಳ್ಳದ ದಂಡೆಯ ಮೂರು ಗುಂಟೆ ಜಾಗದ ಪತ್ರ, ಗ್ರಾಮಸಭೆಯ ಫೋಟೊ. ಊರಿನ ದನಗಳ ಪಟ್ಟಿಯನ್ನು ತಾನೇ ಮನೆಮನೆಗೆ ತಿರುಗಿ ಬರೆದಿದ್ದಳು. ಸಗಣಿ ಕೊಟ್ಟವರಿಗೆ ಘಟಕದಿಂದ ಹೊರಬರುವ ರಾಡಿ ಗೊಬ್ಬರ ವಾಪಸ್ ಕೊಡುವುದು ಎಂದು ಮಾತಾಗಿ, ದನ ಇದ್ದವರೆಲ್ಲ ಸಹಿ ಹಾಕಿದ್ದರು. ನಮ್ಮವ್ವನ ಹೆಬ್ಬೆಟ್ಟೂ ಇತ್ತು. ನಾನು ಟೈಪ್ ಮಾಡುತ್ತಾ ಹೋದೆ. ಒಂದು ಖಾನೆ ಬಂತು: ವಾರಕ್ಕೆ ಎಷ್ಟು ದಿನ ಸಗಣಿ ಲಭ್ಯ?

"ಏಳು ಹಾಕ್ರಿ. ಹೆಂಡಿಗೇನು ಸೂಟಿ ಅದ ಏನ್ರಿ?" ಎಂದಳು. ಇಬ್ಬರೂ ನಕ್ಕೆವು. ನಾನು ಏಳು ಒತ್ತಿದೆ.

ಮಂಜೂರಾಯಿತು! ನನ್ನ ಅಂಗಡಿಯಿಂದ ಹೋದ ಅಂಥ ಅರ್ಜಿಗಳಲ್ಲಿ ಮಂಜೂರಾದದ್ದು ಅದೊಂದೇ. ಮೊದಲ ಕಂತಿನಲ್ಲಿ ಹಳ್ಳದ ದಂಡೆಯಲ್ಲಿ ದೊಡ್ಡ ಬಾವಿಯಂಥ ತೊಟ್ಟಿ ತೋಡಿದರು, ಮೇಲೆ ಕಬ್ಬಿಣದ ಡ್ರಮ್ಮು ಕವುಚಿದರು. ಗ್ಯಾಸ್ ತುಂಬಿದಂತೆ ಡ್ರಮ್ಮು ಮೇಲೆದ್ದು ಕೆಂಪು ಗೆರೆ ಮುಟ್ಟಬೇಕು. ಇಪ್ಪತ್ತೆರಡು ಮನೆಗೂ ಪೈಪು ಎಳೆದು ಒಂದೊಂದು ಒಲೆ ಕೊಟ್ಟರು. ಎರಡನೇ ಕಂತಿಗೆ ಒಂದು ಷರತ್ತು ಇತ್ತು. ದೊಡ್ಡ ಸಾಹೇಬರು ಬಂದು ನೋಡುವಾಗ ಇಪ್ಪತ್ತೆರಡೂ ಒಲೆ ಒಟ್ಟಿಗೆ ಒಂದು ತಾಸು ಉರಿಯಬೇಕು. ಅದೂ ಮಾರ್ಚ್ ಮೂವತ್ತೊಂದರೊಳಗೆ. ಉರಿಯದಿದ್ದರೆ ಘಟಕ ನಾಪಾಸು. ಒಲೆ, ಪೈಪು ಬಿಚ್ಚಿಕೊಂಡು ಹೋಗಿ ಪಟ್ಟಿಯಲ್ಲಿ ಕಾಯುತ್ತಿರುವ ಶಹಾಪುರದ ಕಡೆಯ ಹಳ್ಳಿಗೆ ಕೊಡುತ್ತಾರೆ.

ಘಟಕದ ಉಸ್ತುವಾರಿಗೆ ಉಮಾ ಎನ್ನುವ ಎಂಜಿನಿಯರ್ ಹುಡುಗಿ ಬರುತ್ತಿದ್ದಳು. ಹಾಸನದ ಕಡೆಯವಳು, ಮೆತ್ತಗೆ ಮಾತಾಡುವವಳು. ನಮ್ಮವರು ಪ್ರೀತಿಯಿಂದ ಮಾತಾಡಿದರೂ ಜಗಳಕ್ಕೆ ಬಂದರೆಂದು ಹಿಂದೆ ಸರಿಯುತ್ತಿದ್ದಳು. ಮಾರ್ಚ್ ನಡುವೆ ಒಂದು ದಿನ ಅವಳು ಎಲ್ಲ ಒಲೆ ಹಚ್ಚಿಸಿ ನೋಡಿದಳು. ಅರ್ಧ ತಾಸಿಗೆ ಒಂದೊಂದಾಗಿ ಆರಿಹೋದವು. ಕಾಗದ ಪತ್ರ ನೋಡಿಕೊಳ್ಳಲೆಂದು ನಾನೂ ಅಲ್ಲೇ ಇದ್ದೆ.

"ಏನಮ್ಮ, ದಿನಾ ಸಗಣಿ ಹಾಕ್ತಿದ್ದೀರಾ?" ಎಂದು ಉಮಾ ಕೇಳಿದಳು.

"ಹಾಕ್ತೀವ್ರಿ ಮೇಡಂ, ದಿನಾ ಹಾಕ್ತೀವಿ" ಎಂದಳು ಶೇಖಮ್ಮ. "ಮಂಗಳವಾರ, ಶುಕ್ರವಾರ ಬಿಟ್ಟು."

"ಬಿಟ್ಟು ಅಂದ್ರೆ?"

"ಅವತ್ತು ಊರಾಗ ಯಾರೂ ಹೆಂಡಿ ಕೊಡಂಗಿಲ್ರಿ. ಕೇಳಿದ್ರ ಬೈತಾರ."

ಉಮಾ ಫೈಲು ತೆಗೆದಳು. "ಅರ್ಜೀಲಿ ಏಳು ದಿನ ಅಂತಿದೆಯಲ್ಲ? ಏಳು ದಿನದ ಲೆಕ್ಕಕ್ಕೇ ನಾವು ಇಷ್ಟು ಒಲೆ ಕೊಟ್ಟಿರೋದು."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಇವೆ. ಮಂಗಳವಾರ, ಶುಕ್ರವಾರ ನಮ್ಮವ್ವ ಹಾಲಿನ ಹೆಪ್ಪು, ಉಪ್ಪು, ಸಗಣಿ ಯಾವುದನ್ನೂ ಹೊಸ್ತಿಲು ದಾಟಿಸುವುದಿಲ್ಲ. ಸಗಣಿ ಎಂದರೆ ಲಕ್ಷ್ಮಿ, ಆ ಎರಡು ದಿನ ಲಕ್ಷ್ಮಿಯನ್ನು ಹೊರಗೆ ಕೊಟ್ಟರೆ ಮನೆ ಬರಿದಾಗುತ್ತದೆ ಎಂಬ ನಂಬಿಕೆ. ಊರಿನಲ್ಲಿ ದನ ಇದ್ದ ಪ್ರತಿಯೊಂದು ಮನೆಯಲ್ಲೂ ಇದೇ. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಇದನ್ನು ನೋಡಿ ಬೆಳೆದ ನಾನು, ಮಂದಿಯ ಅರ್ಜಿಯಲ್ಲಿ ತಪ್ಪು ಹುಡುಕಿ ಬೈಯುವ ನಾನು, ಕಣ್ಣು ಮುಚ್ಚಿ ಏಳು ಒತ್ತಿದ್ದೆ! ಶೇಖಮ್ಮ ಏಳು ಎಂದದ್ದು ಬೇರೆ ಕಾರಣಕ್ಕೆ. ಅವಳಿಗೆ ಯಾವ ದಿನವೂ ಯಾವ ಮನೆಯ ಅಂಗಳದ ಸಗಣಿಯೂ ಸಿಕ್ಕಿರಲಿಲ್ಲ. ಅವಳು ಬಳಿದದ್ದೆಲ್ಲ ಹಾದಿಯದು, ಹಾದಿಯಲ್ಲಿ ಏಳು ದಿನವೂ ಸಗಣಿ ಬೀಳುತ್ತದೆ. ಘಟಕ ಶುರುವಾದ ಮೇಲೆ ವಾರಕ್ಕೆ ಎರಡು ದಿನ ಸಗಣಿ ಗಾಡಿ ಖಾಲಿ ವಾಪಸ್ ಬಂದಾಗ, ಇಷ್ಟಕ್ಕೆಲ್ಲ ಏನಾದೀತು ಎಂದು ಸುಮ್ಮನಿದ್ದಳು.

"ಕೊನೇ ಶನಿವಾರ ಸಾಹೇಬರು ಬರ್ತಾರೆ. ಇನ್ನು ಹದಿನೈದು ದಿನ ಇದೆ" ಎಂದಳು ಉಮಾ. "ಒಂದು ದಿನಾನೂ ತಪ್ಪಿಸದೆ ತುಂಬಿದ್ರೆ ಆಗುತ್ತೆ. ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮ, ನಿಜವಾಗ್ಲೂ." ಅವಳ ಕಣ್ಣಲ್ಲಿ ನೀರಿತ್ತು.

ಹದಿನೈದು ದಿನದಲ್ಲಿ ಎರಡು ಮಂಗಳವಾರ, ಎರಡು ಶುಕ್ರವಾರ.

ಮೊದಲ ಮಂಗಳವಾರ ಬೆಳಿಗ್ಗೆ ಶೇಖಮ್ಮ ಮನೆಮನೆಗೆ ಹೋದಳು. ನಮ್ಮ ಬಾಗಿಲಿಗೂ ಬಂದಳು. ನಾನು ಹಲ್ಲುಜ್ಜುತ್ತಾ ನಿಂತಿದ್ದೆ.

"ಅವ್ವಾರ, ಇವತ್ತ ಹೆಂಡಿ ಕೊಡೂದು ಬ್ಯಾಡ್ರಿ. ಇವತ್ತಿಂದು ಒಂದು ಕಡಿ ತಗದಿಡ್ರಿ, ನಾಳಿ ಬುಧವಾರ ಬಂದು ಒಯ್ತೀನಿ."

ನಮ್ಮವ್ವ ಮೆತ್ತಗೇ ಹೇಳಿದಳು. "ಇವತ್ತಿನ ಲಕ್ಷ್ಮಿ ಇವತ್ತ ನಮ್ಮ ತಿಪ್ಪಿಗಿ ಹೋಗಬೇಕ ಶೇಖಿ. ತಿಪ್ಪಿಗಿ ಬಿದ್ದದ್ದು ಮತ್ತ ಎತ್ತಂಗಿಲ್ಲ. ನಮ್ಮತ್ತಿ ಕೊಟ್ಟಿಲ್ಲ, ಅವರತ್ತಿ ಕೊಟ್ಟಿಲ್ಲ. ನಾಳಿ ಬಾ, ಎರಡು ಬುಟ್ಟಿ ಹೆಚ್ಚಿಗಿ ಒಯ್ಯಿ."

ಹೆಚ್ಚಿಗೆ ಎಲ್ಲಿಂದ ಬರಬೇಕು? ನಾಲ್ಕು ಎಮ್ಮೆ ಹಾಕುವಷ್ಟೇ ಹಾಕುತ್ತವೆ. ಎಲ್ಲ ಮನೆಯಲ್ಲೂ ಇದೇ ಉತ್ತರ ಬಂತು. ಯಾರೂ ಬೈಯಲಿಲ್ಲ, ಯಾರೂ ಕೊಡಲಿಲ್ಲ.

ಅವತ್ತು ಎಂಟೂವರೆಗೆ ನಾನು ಯಾದಗಿರಿಗೆ ಹೊರಟಾಗ ಹಾದಿಯಲ್ಲಿ ಶೇಖಮ್ಮ ಕಂಡಳು. ಸಂಘದ ಹಸಿರು ಸೀರೆ ಉಟ್ಟು, ಸೆರಗು ಬಿಗಿದು, ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಬುಟ್ಟಿ. ಮೇಯಲು ಹೊರಟ ದನಗಳ ಹಿಂದೆ ನಡೆಯುತ್ತಿದ್ದಳು. ಬಗ್ಗಿ ಎರಡೂ ಕೈಯಿಂದ ಬಳಿದು ಬುಟ್ಟಿಗೆ ಹಾಕಿಕೊಂಡಳು. ನಾನು ಗಾಡಿ ನಿಲ್ಲಿಸಿದೆ.

"ನಡೀರಿ ಮಹೇಶಣ್ಣಾರ, ಅಂಗಡಿಗಿ ತಡಾ ಆಗ್ತದ" ಎಂದಳು. ನಕ್ಕಳು ಕೂಡ. ಆ ನಗು ನೋಡಿ ನನಗೆ ನಾಚಿಕೆಯಾಯಿತು. ಸಂಜೆಯವರೆಗೆ ಬಳಿದರೂ ಆರೇ ಬುಟ್ಟಿ ಆದವಂತೆ, ಬೇಕಾದದ್ದು ಇಪ್ಪತ್ತೈದು. ಕೇರಿಯ ಹುಡುಗಿಯರು ಯಾರೂ ಅವಳ ಜೊತೆ ಬರಲಿಲ್ಲ. ಮನೆಗಳಿಂದ ಕೊಟ್ಟ ಸಗಣಿಯನ್ನು ಗಾಡಿಯಲ್ಲಿ ತುಂಬಿ ತರಲು ಅವರು ತಯಾರಿದ್ದರು, ದನದ ಹಿಂದೆ ಬುಟ್ಟಿ ಹಿಡಿದು ನಡೆಯಲು ಅಲ್ಲ. ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಾನು ಅವ್ವನ ಮೇಲೆ ಹಾರಾಡಿದೆ.

"ಏನಾಗ್ತದ ಒಂದಿನ ಕೊಟ್ರ? ಆ ಮುದುಕಿ ಹೊಗಿ ಕುಡದು ಸಾಯಾಕತ್ಯಾಳ, ನಿಂಗ ಮಂಗಳವಾರ ದೊಡ್ಡದಾತಾ?"

"ಲೇ ತಮ್ಮಾ, ಅರ್ಜಿ ಬರದಾವ ನೀನು" ಎಂದಳು ನಮ್ಮವ್ವ ರೊಟ್ಟಿ ಮುರಿಯುತ್ತಾ. "ಏಳು ಅಂತ ಬರಿಯೂಮುಂದ ಮನಿಯಾಗ ಅವ್ವ ಒಬ್ಬಾಕಿ ಅದಾಳ ಅಂತ ನೆಪ್ಪಿರಲಿಲ್ಲೇನು? ಈಗ ಬಂದು ನನ್ನ ಮ್ಯಾಲ ಒದರ್ತಿ."

ತಟ್ಟೆಯಲ್ಲಿದ್ದದ್ದನ್ನು ಉಂಡು ಕೈ ತೊಳೆದೆ.

ಶುಕ್ರವಾರ ಪರಿಮಳಾ ಶಹಾಪುರದಿಂದ ಬಂದಿದ್ದಳು. ಬಸ್ಸಿಳಿದು ಬರುವಾಗ ಹಾದಿಯಲ್ಲೇ ತನ್ನವ್ವ ಎದುರಾದಳಂತೆ, ತಲೆಯ ಮೇಲೆ ಬುಟ್ಟಿ, ಮೊಣಕೈತನಕ ಸಗಣಿ. ಇದನ್ನು ಪರಿಮಳಾನೇ ಆಮೇಲೆ ನನಗೆ ಹೇಳಿದಳು. ಮಗಳು ಹಾದಿಯಲ್ಲೇ ಜಗಳ ತೆಗೆದಳು.

"ಯವ್ವಾ, ಇಳಸು ಅದನ್ನ. ನಿನ್ನ ಮಾತು ಎಲ್ಲಿ ಹೋತು? ಮಂದಿ ನೋಡಾಕತ್ಯಾರ. ನಾ ಅಂತೂ ಮುಟ್ಟಂಗಿಲ್ಲ, ಹೇಳೀನಿ."

"ನೀ ಮುಟ್ಟಬ್ಯಾಡ" ಎಂದಳಂತೆ ಶೇಖಮ್ಮ. "ನೀ ಮುಟ್ಟಬಾರದಂತನ ನಾ ಹೊರಾಕತ್ತೀನಿ. ಮುತ್ಯಾನ ಕಾಲದಾಗ ಹೊಟ್ಟಿಗಿಲ್ಲದ ಹೊತ್ತೀವಿ, ಆಗ ನಾಚಿಕಿ ಇತ್ತು. ಈಗ ನಮ್ಮವ್ವನ ಉಸಿರಿಗಿ ಹೊರಾಕತ್ತೀನಿ, ನಂಗ ನಾಚಿಕಿ ಇಲ್ಲ. ಮನಿಗಿ ನಡಿ, ಅಜ್ಜಿ ಒಲಿ ಮುಂದ ಕುಂತಿರ್ತಾಳ, ಎಬ್ಬಸು."

ಅವತ್ತು ಅದೇ ಹಾದಿಯಲ್ಲಿ ನಮ್ಮವ್ವನೂ ಹೊಲಕ್ಕೆ ಹೋಗಿದ್ದಳು. ರಾತ್ರಿ ತಾನಾಗಿಯೇ ಮಾತು ತೆಗೆದಳು. "ಆ ಶೇಖಿ ನಮ್ಮ ಚಂದ್ರಿ ಹಿಂದ ಹಳ್ಳದತನಾ ನಡದಾಳ. ಎಮ್ಮಿ ಹಾಕವಲ್ದು, ಆಕಿ ಬಿಡವಲ್ಲಳು." ಚಂದ್ರಿ ನಮ್ಮ ದೊಡ್ಡ ಎಮ್ಮೆ. ನಾನು ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. "ಸಣ್ಣಾಕಿ ಇದ್ದಾಗೂ ಹಾಂಗ ನಡೀತಿದ್ಳು, ಈ ಚಂದ್ರಿಯ ಅಜ್ಜಿ ಎಮ್ಮಿ ಹಿಂದ. ಬರಿಗಾಲಾಗ. ನಾ ಬಾಗಿಲಾಗ ನಿಂತು ನೋಡ್ತಿದ್ದೆ" ಎಂದಳು. ಆಮೇಲೆ ಎದ್ದು ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದಳು.

ಡ್ರಮ್ಮು ಕೆಂಪು ಗೆರೆಗಿಂತ ಒಂದೂವರೆ ಗೇಣು ಕೆಳಗೇ ಇತ್ತು. ಎರಡನೇ ಮಂಗಳವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ನಮ್ಮ ಕೊಟ್ಟಿಗೆ ಖಾಲಿ! ಎಮ್ಮೆಗಳೂ ಇಲ್ಲ, ಅವ್ವನೂ ಇಲ್ಲ. ಕಳ್ಳತನವೇ ಆಯಿತೆಂದುಕೊಂಡು ಓಣಿಗೆ ಬಂದೆ. ಎದುರು ಮನೆಯ ನಾಗಣ್ಣ ಕಟ್ಟೆಯ ಮೇಲೆ ಕೂತು ಹೇಳಿದ, "ನಿಮ್ಮವ್ವ ಎಮ್ಮಿ ಹೊಡ್ಕೊಂಡು ಹಳ್ಳದ ಕಡಿ ಹೋಗ್ಯಾಳ ನೋಡಪಾ."

ಓಡಿದೆ. ಘಟಕದ ಸುತ್ತ ಹಾಕಿದ ತಂತಿ ಬೇಲಿಯ ಕಂಬಗಳಿಗೆ ನಮ್ಮ ನಾಲ್ಕೂ ಎಮ್ಮೆ ಕಟ್ಟಿದ್ದವು, ಮುಂದೆ ಜೋಳದ ಕಣಿಕಿ ಹರಡಿತ್ತು. ನಮ್ಮವ್ವ ಒಂದು ಕಲ್ಲಿನ ಮೇಲೆ ಕೂತಿದ್ದಳು. ಅರವತ್ತೆಂಟು ವರ್ಷದಲ್ಲಿ ಅವಳು ಆ ಕೇರಿಯಲ್ಲಿ ಕೂತದ್ದು ಅದೇ ಮೊದಲು. ಶೇಖಮ್ಮ ಬುಟ್ಟಿ ಹಿಡಿದು ಎದುರಿಗೆ ನಿಂತಿದ್ದಳು, ಏನು ಮಾಡಬೇಕೆಂದು ತಿಳಿಯದೆ.

"ಏನ ನೋಡ್ತಿ?" ಎಂದಳು ನಮ್ಮವ್ವ. "ನಾ ನಿಂಗ ಏನೂ ಕೊಟ್ಟಿಲ್ಲ, ತಿಳಕೊ. ನನ್ನ ಎಮ್ಮಿ, ನನಗ ತಿಳದಲ್ಲಿ ಕಟ್ಟೀನಿ. ಮನಿಯಾಗಿನ ಲಕ್ಷ್ಮಿ ಮನಿಯಾಗೇ ಅದಾಳ. ಇವು ಇಲ್ಲಿ ಹಾಕಿದ್ದು ಹಾದಿ ಹೆಂಡಿ. ಹಾದಿ ಹೆಂಡಿ ಯಾರದು?"

ಶೇಖಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎತ್ತಿದವರದ್ರಿ ಅವ್ವಾರ" ಎಂದಳು.

"ಮತ್ತ ಎತ್ತು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಮ್ಮೆ ಚಂದ್ರಿ ಆ ಹೊತ್ತಿಗೇ ಸರಿಯಾಗಿ ಬಾಲ ಎತ್ತಿದಳು. ನಾನು ಜೋರಾಗಿ ನಕ್ಕುಬಿಟ್ಟೆ, ನನ್ನವ್ವ ನನ್ನನ್ನು ದುರುಗುಟ್ಟಿ ನೋಡಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಗುರುದೇವಕ್ಕನ ಎಮ್ಮೆ ಅಲ್ಲಿ ಕಟ್ಟಬಹುದಾದರೆ ನಮ್ಮ ದನಕ್ಕೇನು ಬಂತು ಎಂದು ನಾಗಣ್ಣ ತನ್ನ ಹನ್ನೆರಡು ದನ ಹೊಡೆದುಕೊಂಡು ಬಂದ. ಮಧ್ಯಾಹ್ನದೊಳಗೆ ಮೂವತ್ತು ದಾಟಿದವು. ಶುಕ್ರವಾರ ಬೆಳಿಗ್ಗೆ ಹಳ್ಳದ ದಂಡೆ ದನದ ಸಂತೆಯೇ ಆಗಿಹೋಗಿತ್ತು. ಹಾದಿಯಲ್ಲಿ ದನದ ಹಿಂದೆ ನಡೆಯುವ ಕೆಲಸ ಇನ್ನಿರಲಿಲ್ಲ. ಕೇರಿಯ ಹುಡುಗಿಯರು ಸಲಿಕೆ ಹಿಡಿದು ಬಂದರು. ಪರಿಮಳಾ ಸಲ್ವಾರಿನ ಮೇಲೆ ಅವ್ವನ ಹಳೆ ಸೀರೆ ಸುತ್ತಿಕೊಂಡು ನೀರು ಕಲಸುತ್ತಿದ್ದಳು. ಯಾವ ಸಗಣಿ ಯಾವ ದನದ್ದು, ಏನು ತಿಂದದ್ದು ಎಂದು ಶೇಖಮ್ಮ ನೋಡಿಯೇ ಹೇಳುತ್ತಿದ್ದಳು. "ಇದು ತೊಗರಿ ಹೊಟ್ಟು ತಿಂದದ್ದು, ಇದರಾಗ ಗ್ಯಾಸ್ ಜಾಸ್ತಿ" ಎಂದಳು. ಉಮಾ ಅದನ್ನು ಡೈರಿಯಲ್ಲಿ ಬರೆದುಕೊಂಡಳು.

ಶನಿವಾರ ಹನ್ನೊಂದಕ್ಕೆ ಸಾಹೇಬರ ಜೀಪು ಬಂತು. ಡ್ರಮ್ಮು ಕೆಂಪು ಗೆರೆಯ ಹತ್ತಿರ ಬಂದಿತ್ತು, ಮುಟ್ಟಿರಲಿಲ್ಲ. ಆ ಎರಡು ಬೆರಳಿನ ಜಾಗ ನೋಡಿ ನೋಡಿ ಶೇಖಮ್ಮನ ತುಟಿ ಒಣಗಿದ್ದವು. ಮೊದಲು ದುರಗಮ್ಮನ ಮನೆಯ ಒಲೆ ಹಚ್ಚುವುದು, ಆಮೇಲೆ ಉಳಿದವು ಎಂದು ಮಾತಾಗಿತ್ತು. ನಾವೆಲ್ಲ ಒಳಗೆ ತುಂಬಿಕೊಂಡೆವು. ನಮ್ಮವ್ವ ಬಾಗಿಲ ಹೊರಗೆ ನಿಂತಳು. ಗೋಡೆ, ತೊಲೆ, ಜಂತಿ ಎಲ್ಲ ಹೊಗೆ ಹಿಡಿದು ಕರ್ರಗಿದ್ದವು.

ದುರಗಮ್ಮ ಒಲೆಯ ಮುಂದೆ ಕೂತು ಸೆರಗನ್ನು ಮೂಗು ಬಾಯಿಗೆ ಬಿಗಿಯಾಗಿ ಸುತ್ತಿಕೊಂಡಳು. ಕಣ್ಣು ಮುಚ್ಚಿ ಮುಖ ಒಂದು ಕಡೆ ತಿರುಗಿಸಿದಳು, ಅರವತ್ತು ವರ್ಷದಿಂದ ಒಲೆ ಹಚ್ಚುವಾಗ ಮಾಡುತ್ತಿದ್ದಂತೆಯೇ. ಶೇಖಮ್ಮ ಕಡ್ಡಿ ಗೀರಿ ಹಿಡಿದಳು. ನೀಲಿ ಉರಿ ಬುಗ್ಗೆಂದಿತು. ಮುದುಕಿ ತಡಮಾಡದೆ ಮಗ್ಗುಲಲ್ಲಿದ್ದ ಊದುಗೊಳವಿ ತೆಗೆದು ಒಂದೇ ಸಲ ಜೋರಾಗಿ ಊದಿದಳು. ಉರಿ ಆರಿಹೋಯಿತು.

"ಅಯ್ಯೋ ಅಜ್ಜಿ, ಊದಬೇಡಿ!" ಎಂದು ಉಮಾ ಕೂಗಿದಳು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಶೇಖಮ್ಮ ಕೊಳವಿ ಕಸಿದುಕೊಂಡು ಮತ್ತೆ ಹಚ್ಚಿದಳು.

ದುರಗಮ್ಮ ಕಣ್ಣು ಮುಚ್ಚಿಕೊಂಡೇ ಕಾದಳು. ಕೆಮ್ಮಲು ತಯಾರಾಗಿ ಕೂತಿದ್ದಳು. ಕೆಮ್ಮು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೇಸರದಿಂದ ಹೇಳಿದಳು. "ಹತ್ತಿಲ್ಲ ಬಿಡವಾ ಶೇಖಿ. ಹೊಗಿ ಎಲ್ಲದ?"

"ಹತ್ಯಾದ ಬೇ" ಎಂದಳು ಶೇಖಮ್ಮ. ಅವ್ವನ ಕೈ ಹಿಡಿದು ಉರಿಯ ಮೇಲೆ ಚಾಚಿದಳು. "ನೋಡು, ಕಾವು ನೋಡು. ಹತ್ಯಾದ. ಹೊಗಿ ಇಲ್ಲ ಬೇ, ಇನ್ನ ಹೊಗಿ ಇಲ್ಲ." ಸಾಹೇಬರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ದುರಗಮ್ಮ ನಿಧಾನಕ್ಕೆ ಮುಖದ ಸೆರಗು ಬಿಚ್ಚಿದಳು. ನನ್ನ ಕಣ್ಣೂ ಹನಿಗೂಡಿದವು, ಹೊಗೆಯ ಮೇಲೆ ಹಾಕಲು ಅಲ್ಲಿ ಹೊಗೆಯೇ ಇರಲಿಲ್ಲ.

ಇಪ್ಪತ್ತೆರಡೂ ಒಲೆ ಉರಿದವು. ಉಮಾ ಗಡಿಯಾರ ಹಿಡಿದು ಮನೆಮನೆ ತಿರುಗಿದಳು. ಐವತ್ತು ನಿಮಿಷಕ್ಕೆ ಕೊನೆಯ ಮನೆಯ ಉರಿ ಸಣ್ಣಗಾಯಿತು, ಆದರೆ ಆರಲಿಲ್ಲ. ಒಂದು ತಾಸಾದ ಮೇಲೆ ಸಾಹೇಬರು ಸಹಿ ಹಾಕಿದರು. ಆ ಸಹಿಯ ಕಾಗದಕ್ಕೆ ನಾನು ಒಂದಲ್ಲ, ಐದು ಝೆರಾಕ್ಸ್ ಮಾಡಿ ಇಟ್ಟಿದ್ದೇನೆ.

ಅವರು ಹೋದ ಮೇಲೆ ದುರಗಮ್ಮ ಅದೇ ಒಲೆಯ ಮೇಲೆ ಚಹಾ ಇಟ್ಟಳು. ಶೇಖಮ್ಮ ಎರಡು ಗ್ಲಾಸು ತಂದಳು, ಒಂದು ನನಗೆ, ಒಂದು ಹೊಸ್ತಿಲ ಆಚೆ ನಿಂತ ನಮ್ಮವ್ವನಿಗೆ. "ಒಳಗ ಬರ್ರಿ ಅವ್ವಾರ. ಹೊಗಿ ಇಲ್ಲ ಈಗ."

ನಮ್ಮವ್ವ ಗ್ಲಾಸು ನೋಡಿದಳು, ಒಲೆ ನೋಡಿದಳು. "ಇವತ್ತು ಶನಿವಾರ. ಹಣಮಪ್ಪನ ಒಪ್ಪತ್ತು ಮಾಡ್ತೀನಿ, ಚಾ ಕುಡಿಯಂಗಿಲ್ಲ" ಎಂದಳು. ನನ್ನ ನಲವತ್ತೆರಡು ವರ್ಷದಲ್ಲಿ ಅವಳು ಶನಿವಾರ ಒಪ್ಪತ್ತು ಮಾಡಿದ್ದನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಮಾಡಿ ಇಲ್ಲಿ ಬಂದು ನಿಂತಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಶೇಖಮ್ಮ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು.

"ಆಗಲ್ರಿ ಅವ್ವಾರ" ಎಂದಳು ಸಮಾಧಾನದಿಂದ. "ಮಂಗಳವಾರ ಎಮ್ಮಿ ಹೊಡ್ಕೊಂಡು ಬರ್ತೀರಲ್ರಿ, ಅವತ್ತ ಇಡ್ತೀನಿ." ಆ ಗ್ಲಾಸನ್ನು ಅವಳೇ ಕುಡಿದಳು.

ಮಂಗಳವಾರ ನಮ್ಮವ್ವ ಬೆಳಕು ಹರಿಯುತ್ತಲೇ ಎಮ್ಮೆ ಹೊಡೆದುಕೊಂಡು ಹೋದಳು. ಕಟ್ಟಿ ಬರಲು ಅರ್ಧ ತಾಸು ಸಾಕು. ಎರಡು ತಾಸಾದರೂ ಬರಲಿಲ್ಲ. ನಾನು ಅಂಗಡಿಗೆ ಹೊರಟು ನಿಂತಾಗ ಬಂದಳು, ಬಂದವಳು ನೇರ ಹೋಗಿ ಒಂದು ತಂಬಿಗೆ ನೀರು ಕುಡಿದಳು.

"ಯಾಕವ್ವ, ಇಷ್ಟೊತ್ತು?" ಎಂದೆ.

"ಆ ದುರಗಿಗಿ ಏನ ಹೇಳಬೇಕಪಾ" ಎಂದಳು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ. "ಚಾದಾಗ ಸಕ್ಕರಿ ಭಾಳ ಹಾಕ್ತಾಳ."